ಸಾಯುವಾಗ ಬಂದ ಆಯೇರಿ

ಮೊನ್ನೆ ಧಾರವಾಡದಲ್ಲಿ ನಾಟಕಕ್ಕೆ ಹೋಗಿದ್ದೆ. ಪಕ್ಕದ ಕುರ್ಚಿಯ ಹಿರಿಯರು ಅರ್ಧ ನಾಟಕದ ತನಕ ಮೊಬೈಲಿನಿಂದ ತಲೆ ಎತ್ತಲಿಲ್ಲ. ಮಧ್ಯಂತರದಲ್ಲಿ ಚಹಾ ಹೀರುತ್ತಾ, ‘ನಾಟಕ ಸಾಯಾಕತ್ತೈತಿ ಅನಸೂದಿಲ್ಲೇನ್ರೀ?’ ಅಂದರು. ಪುಕ್ಕಟೆ ಪಾಸು ಜೇಬಿನಿಂದ ಇಣುಕುತ್ತಿತ್ತು.

ಸಾಯುವ ಮಾತು ಬಂದರೆ ನನಗೆ ನಮ್ಮ ಕಾಕಾ ನೆನಪಾಗುತ್ತಾನೆ. ಹಾನಗಲ್ ಕಡೆಯ ನಮ್ಮೂರಿನ ಜಾತ್ರೆ ನಾಟಕದಲ್ಲಿ ಅವನು ಪ್ರತಿ ವರ್ಷ ಸಾಯುತ್ತಿದ್ದ. ಹೀರೋ ಪಾರ್ಟು ಗೌಡರ ಮಗನಿಗೆ, ಸಾಯುವ ಅಣ್ಣನ ಪಾರ್ಟು ಕಾಕಾನಿಗೆ. ಒಂದು ವರ್ಷ ಗದಗಿನಿಂದ ಕರೆಸಿದ ನಟಿಯ ತೊಡೆಯ ಮೇಲೆ ತಲೆಯಿಟ್ಟು ಕೊನೆಯ ಮಾತು ಹೇಳುತ್ತಿದ್ದ. ರಾತ್ರಿ ಎರಡು ಗಂಟೆ. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಆಗ ಮೈಕು ಕೂಗಿತು: ‘ಸ್ವಲ್ಪ ತಡಿಯಪಾ, ಈಗ ಸಾಯಬ್ಯಾಡ. ನಿನಗ ಆಯೇರಿ ಬಂದೈತಿ.’

ಹಾರ್ಮೋನಿಯಂ ನಿಂತಿತು. ಕಾಕೂನ ತವರಿನವರು ಶರ್ಟ್ ಪೀಸು, 51 ರೂಪಾಯಿಯ ಉಡುಗೊರೆ ಹಿಡಿದು ಸ್ಟೇಜ್ ಹತ್ತಿದರು. ಕಾಕಾ ಎದ್ದ. ಹೊಟ್ಟೆಯ ಚೂರಿಯನ್ನು ಎಡಗೈಯಲ್ಲಿ ಒತ್ತಿಕೊಂಡೇ ಬಲಗೈ ಚಾಚಿದ. ನೋಟನ್ನು ಎದೆಗೆ ಪಿನ್ನು ಹಾಕಿಸಿಕೊಂಡು, ಬಾಗಿ ನಮಸ್ಕಾರ ಮಾಡಿ ಮತ್ತೆ ಮಲಗಿದ. ಮಾಸ್ತರು ಬಿಟ್ಟ ಸ್ವರದಿಂದಲೇ ಹಿಡಿದರು. ಹೆಂಗಸರೂ ಬಿಟ್ಟಲ್ಲಿಂದಲೇ ಅತ್ತರು. ಎರಡನೇ ಆಯೇರಿಗೂ ಹಾಗೇ ಎದ್ದ. ಮೂರನೆಯದು ಬರುವಷ್ಟರಲ್ಲಿ ಸತ್ತಾಗಿತ್ತು. ಟವೆಲ್ ತಂದವನು ಪಕ್ಕದ ಹೊಲದವನು. ಬದುವಿನ ಜಗಳ, ಕೋರ್ಟಿನಲ್ಲಿ ಕೇಸು. ಕಾಕಾ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ಟವೆಲ್ ಎಳೆದುಕೊಂಡ. ಮಾತಿಲ್ಲ. ‘ಸತ್ತಾಂವ ಹ್ಯಾಂಗ ಮಾತಾಡ್ಲಿ?’ ಅಂತ ಮರುದಿನ ಕೇಳಿದ.

ಹಿರಿಯರಿಗೆ ಇದನ್ನು ಹೇಳಲಿಲ್ಲ. ಬದಲಿಗೆ ಗದಗಿನಲ್ಲಿ ನಾಟಕ ಕಟ್ಟಿದ ಶಾಂತಕವಿಗಳು, ಗರುಡ ಸದಾಶಿವರಾಯರು ಅಂತ ಶುರು ಮಾಡಿದೆ. ಪುಟ್ಟರಾಜ ಗವಾಯಿಗಳು ನಾಟಕ ಕಂಪನಿಯ ಗಳಿಕೆಯಿಂದ ಪುಣ್ಯಾಶ್ರಮದ ಮಕ್ಕಳಿಗೆ ಊಟ ಹಾಕಿದ್ದು ಹೇಳಿದೆ. ಸ್ತ್ರೀ ಪಾತ್ರದಿಂದ ಹೆಸರಾದ ಏಣಗಿ ಬಾಳಪ್ಪನವರು ನೂರು ದಾಟಿ, 2017ರವರೆಗೆ ನಮ್ಮ ನಡುವೆಯೇ ಇದ್ದರಲ್ಲ ಅಂದೆ. ‘ಅವೆಲ್ಲಾ ಹಳೇ ಮಾತು ಬಿಡ್ರಿ’ ಅಂದರು. ಸಿಟ್ಟು ಬಂತು. ನಾನೇನೂ ವಾರವಾರ ನಾಟಕ ನೋಡುವವನಲ್ಲ, ಆರು ತಿಂಗಳ ಮೇಲೆ ಹೋಗಿದ್ದೆ. ಆದರೆ ದುಡ್ಡು ಕೊಟ್ಟು ಟಿಕೆಟ್ ತೆಗೆಸಿದ್ದೆ, ಅಲ್ವಾ?

ಇದನ್ನೆಲ್ಲ ಸೇರಿಸಿ ಏನೋ ಖಡಕ್ಕಾಗಿ ಹೇಳಬೇಕು ಅಂತ ಬಾಯಿ ತೆರೆದೆ. ಬೆಲ್ ಆಯಿತು.

ಅವರು ಒಳಗೆ ಬರಲಿಲ್ಲ. ಖಾಲಿ ಕುರ್ಚಿಯ ಮೇಲೆ ನನ್ನ ಒದ್ದೆ ಛತ್ರಿ ಇಟ್ಟೆ.