ದಾರಿ ಯಾರದ್ದು?

ಮೊನ್ನೆ ಭಾನುವಾರ ಶಿವಮೊಗ್ಗದ ಶಾಲಾ ಮೈದಾನವೊಂದರಲ್ಲಿ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಪಂದ್ಯ ನೋಡಲು ಹೋಗಿದ್ದೆ. ರಾತ್ರಿಯ ಮಳೆಗೆ ಸುಣ್ಣದ ಗೆರೆಗಳು ಅರ್ಧ ಅಳಿಸಿಹೋಗಿ, ಕೆಂಪು ಮಣ್ಣು ಜಾರುತ್ತಿತ್ತು. ಅಣ್ಣನ ಮಗಳು, ಓಟಗಾರರು ಸರದಿಯಂತೆ ಮುಟ್ಟಬೇಕಾದ ನೆಲೆಗಳಾದ ಬೇಸ್‌ಗಳಲ್ಲಿ, ಎರಡನೇ ಬೇಸ್‌ನಿಂದ ಮೂರನೆಯದಕ್ಕೆ ಓಡುತ್ತಿದ್ದಳು. ಚೆಂಡು ಇನ್ನೂ ದೂರದಲ್ಲಿರುವಾಗಲೇ ಅಲ್ಲಿದ್ದ ಫೀಲ್ಡರ್ ಹುಡುಗಿ ದಾರಿಗೆ ಅಡ್ಡ ಬಂದಳು. ಮೊಣಕಾಲಿಗೆ ಮೊಣಕಾಲು ಬಡಿದು ಇಬ್ಬರೂ ಬಿದ್ದರು. ಆಮೇಲೆ ಬಂದ ಚೆಂಡನ್ನು ಫೀಲ್ಡರ್ ಬಿದ್ದಲ್ಲೇ ಮೈಗೆ ಮುಟ್ಟಿಸಿದ್ದಕ್ಕೆ, ಬೇಸ್ ತಲುಪದ ನಮ್ಮ ಹುಡುಗಿ ಔಟ್! ಫೀಲ್ಡರ್‌ನ ಬೂಟಿನ ಗುರುತು ಓಟದ ದಾರಿಯ ನಟ್ಟನಡುವೆ, ಒದ್ದೆ ಮಣ್ಣಿನಲ್ಲಿ ಅಚ್ಚೊತ್ತಿದಂತೆ ಕೂತಿತ್ತು.

"ಬೇಕೆಂದು ಮಾಡಿದ್ದಲ್ಲವಲ್ಲ, ಬಿಡಿ ಮಾರಾಯರೆ" ಎಂದರು ಪಕ್ಕದಲ್ಲಿದ್ದ ಹಿರಿಯರು.

ನನಗೆ ಬೇಸರವಾದದ್ದು ಆ ಮಾತಿಗೆ. ಅದು ಕ್ರಿಕೆಟ್ ಕಲಿಸಿದ ಮಾತು. ಅಲ್ಲಿ ಫೀಲ್ಡರ್ ಬ್ಯಾಟರ್‌ಗೆ ಅಡ್ಡಿ ಮಾಡಿದರೆ ದಂಡ ಬೀಳುವುದು ಬೇಕೆಂದೇ ಮಾಡಿದ್ದರೆ ಮಾತ್ರ. ಬೇಸ್‌ಬಾಲ್, ಸಾಫ್ಟ್‌ಬಾಲ್‌ನಲ್ಲಿ ಹಾಗಲ್ಲ. ಚೆಂಡು ಕೈಯಲ್ಲಿಲ್ಲದ, ಬಾರಿಸಿದ ಚೆಂಡನ್ನು ಹಿಡಿಯುವ ಯತ್ನದಲ್ಲೂ ಇಲ್ಲದ ಫೀಲ್ಡರ್ ಓಟಕ್ಕೆ ತಡೆಯಾದರೆ ತಪ್ಪು ಫೀಲ್ಡರ್‌ನದೇ. ಬಾರಿಸಿದ ಚೆಂಡಿಗೆ ಕೈಯೊಡ್ಡಿದವರಿಗೆ ಓಟಗಾರ ಅಡ್ಡ ಬಂದರೆ ಓಟಗಾರನೇ ಔಟ್. ಘಾಟಿಯಲ್ಲಿ ಮೇಲೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡುತ್ತೇವೆ. ಅಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ವಿಚಾರಿಸುವುದಿಲ್ಲ.

ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ತಂಡವನ್ನು ತೀರ್ಮಾನಿಸುವ 2013ರ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ ಮುಗಿದದ್ದೇ ಈ ನಿಯಮದಿಂದ. ದಿಕ್ಕು ತಪ್ಪಿದ ಎಸೆತಕ್ಕೆ ಹಾರಿ ನೆಲಕ್ಕೆ ಬಿದ್ದಿದ್ದ ಫೀಲ್ಡರ್, ಬೋಸ್ಟನ್‌ನ ಮಿಡಲ್‌ಬ್ರೂಕ್ಸ್ ಮೇಲೆ ಸೇಂಟ್ ಲೂಯಿಸ್‌ನ ಓಟಗಾರ ಅಲೆನ್ ಕ್ರೇಗ್ ಎಡವಿದರು. ಬಿದ್ದವನು ಮಾಯವಾಗಲು ಸಾಧ್ಯವೇ ಎಂದು ಬೋಸ್ಟನ್ ಅಭಿಮಾನಿಗಳು ಕುದಿದರು. ಆದರೂ ಅಂಪೈರ್ ರನ್ ಕೊಟ್ಟರು, ಸೇಂಟ್ ಲೂಯಿಸ್ 5-4ರಿಂದ ಗೆದ್ದಿತು. ಆ ತೀರ್ಪು ಸರಿ ಎಂದೇ ನಾನು ಇವತ್ತಿಗೂ ವಾದಿಸುತ್ತೇನೆ. ಎಡವಿದವನ ನಷ್ಟವನ್ನು ಬಿದ್ದವನ ಒಳ್ಳೆಯತನ ತುಂಬಿಕೊಡುವುದಿಲ್ಲ.

ಓಟಗಾರ ಕೊನೆಗೆ ಮುಟ್ಟಿ ರನ್ ಗಳಿಸುವ ಹೋಮ್ ಪ್ಲೇಟ್‌ನಲ್ಲಂತೂ, ಅಲ್ಲಿ ಕಾಯುವ ಫೀಲ್ಡರ್ ಆದ ಕ್ಯಾಚರ್‌ಗೆ ಡಿಕ್ಕಿ ಹೊಡೆಯುವುದನ್ನೇ ಗಂಡಸುತನವೆಂದು ದಶಕಗಳ ಕಾಲ ಹೊಗಳಿದರು. 2011ರಲ್ಲಿ ಅಂಥ ಒಂದು ಡಿಕ್ಕಿಗೆ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕ್ಯಾಚರ್ ಬಸ್ಟರ್ ಪೋಸಿಯ ಕಾಲಿನ ಮೂಳೆ ಮುರಿದು, ಉಳಿದ ಇಡೀ ಋತು ಕೈತಪ್ಪಿತು. ಕ್ಯಾಚರ್‌ಗೆ ಗುದ್ದಲೆಂದೇ ಓಟಗಾರ ದಾರಿ ಬಿಟ್ಟು ಹೊರಳಬಾರದು, ಚೆಂಡಿಲ್ಲದೆ ಕ್ಯಾಚರ್ ಪ್ಲೇಟಿಗೆ ಅಡ್ಡಗಟ್ಟಬಾರದು ಎಂಬ ನಿಯಮವನ್ನು ಅಮೆರಿಕದ ಮೇಜರ್ ಲೀಗ್ ತಂದದ್ದು 2014ರಲ್ಲಿ. ಬಹಳ ತಡವಾಯಿತು.

ನಮ್ಮ ಹುಡುಗಿಗೆ ಮೂರನೇ ಬೇಸ್ ಸಿಗಬೇಕಿತ್ತು, ಸಿಗಲಿಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು ಆ ಇನ್ನೊಂದು ಮಗು. ಅವಳೂ ಕುಂಟುತ್ತಲೇ ಹೊರಗೆ ಹೋದಳು. ಬೇಸ್‌ನ ಪಕ್ಕಕ್ಕೆ ನಿಂತು ಓಟದ ದಾರಿ ತೆರೆದಿಡು, ಚೆಂಡು ಹಿಡಿ, ಆಮೇಲೆ ಮುಟ್ಟಿಸು ಎಂದು ಅವಳಿಗೆ ಯಾರೂ ಹೇಳಿಕೊಟ್ಟಂತಿರಲಿಲ್ಲ.

ಬರುವ ಭಾನುವಾರ ಅಲ್ಲೇ ಮತ್ತೊಂದು ಪಂದ್ಯವಿದೆ. ಆಟ ಶುರುವಾಗುವ ಮೊದಲು ಎರಡೂ ತಂಡದ ಮಕ್ಕಳನ್ನು ಬೇಸ್‌ನ ಬಳಿ ಕರೆದು, ಎಲ್ಲಿ ನಿಲ್ಲಬೇಕೆಂದು ಐದು ನಿಮಿಷ ತೋರಿಸಿಕೊಡಿ ಎಂದು ಸಂಘಟಕರನ್ನು ಕೇಳಿಕೊಂಡಿದ್ದೇನೆ. ಒಪ್ಪಿದ್ದಾರೆ.