ಚಂದ್ರಿಯನ್ನು ಮಾರಿದ ಮೇಲೆ ಅಪ್ಪ ಮಾತು ಬಿಟ್ಟ

ಹೋದ ವರ್ಷ ಯುಗಾದಿ ಮುಗಿದ ವಾರದಲ್ಲಿ ನಾವು ಮೂವರು ಮಕ್ಕಳು ಸೇರಿ ಅಪ್ಪನ ಎಮ್ಮೆಯನ್ನು ಮಾರಿದೆವು. ಇದನ್ನು ಬರೆಯುವ ಧೈರ್ಯ ಬರಲು ನನಗೆ ಇಷ್ಟು ದಿನ ಹಿಡಿಯಿತು.

ಅವ್ವ ತೀರಿ ಆಗ ಎಂಟು ತಿಂಗಳಾಗಿತ್ತು. ಗದಗ ಜಿಲ್ಲೆಯ ಮುಳಗುಂದದ ಕಡೆ ನಮ್ಮ ಹಳ್ಳಿ. ಎಪ್ಪತ್ನಾಲ್ಕರ ಮನುಷ್ಯ ಅಲ್ಲಿ ಒಬ್ಬನೇ ಹೇಗಿದ್ದಾನು ಎಂಬುದೇ ನಮ್ಮ ಚಿಂತೆ. ಎತ್ತುಗಳು ಟ್ರ್ಯಾಕ್ಟರ್ ಬಂದಾಗಲೇ ಹೋಗಿದ್ದವು. ಉಳಿದದ್ದು ಚಂದ್ರಿ ಒಂದೇ, ಹಣೆಯ ಮೇಲೆ ಬೊಟ್ಟಿನಷ್ಟು ಬಿಳುಪಿದ್ದ ಎಮ್ಮೆ. "ಅದನ್ನ ನೋಡವ್ರು ಯಾರು ಅಪ್ಪಾ? ನಮ್ಮ ಜೋಡಿ ಹುಬ್ಬಳ್ಳಿಗೆ ಬಾ, ಆರಾಮ ಇರು" ಅಂದೆವು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಚಂದ್ರಿಯನ್ನು ಟೆಂಪೋಕ್ಕೆ ಹತ್ತಿಸುವಾಗ ಕೊರಳ ಹಗ್ಗವನ್ನು ಮಾತ್ರ ಬಿಚ್ಚಿ ಇಟ್ಟುಕೊಂಡ. ನವನಗರದ ನನ್ನ ಮನೆಯ ಕಪಾಟಿನಲ್ಲಿ, ಅವನ ಧೋತರಗಳ ಕೆಳಗೆ, ಆ ಹಗ್ಗ ಸುತ್ತಿಟ್ಟಿತ್ತು.

ಇಲ್ಲಿಗೆ ಬಂದ ಮೇಲೂ ನಾಲ್ಕಕ್ಕೇ ಎಚ್ಚರ. ಎದ್ದು ಬಾಗಿಲ ಹತ್ತಿರ ಕೂತು ಎರಡೂ ಅಂಗೈ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದ. ಎರಡು ರೊಟ್ಟಿ ಉಣ್ಣುತ್ತಿದ್ದವನು ಅರ್ಧಕ್ಕೆ ಇಳಿದ. ಮೊಮ್ಮಗ ಹೋಗಿ ತೊಡೆ ಮೇಲೆ ಕೂತರೂ ಮಾತಿಲ್ಲ. ಮೊದಲು ತೋರಿಸಿದ ವೈದ್ಯರು "ವಯಸ್ಸಾತಲ್ರೀ" ಎಂದು ಐದು ನಿಮಿಷದಲ್ಲಿ ನಿದ್ದೆ ಗುಳಿಗೆ ಬರೆದರು. ಅದರಿಂದ ಹಗಲೂ ಮಂಪರು ಹಿಡಿಯಿತು, ಅಷ್ಟೆ.

ಆಮೇಲೆ ಧಾರವಾಡದಲ್ಲಿ ಒಬ್ಬ ಮನೋವೈದ್ಯರಿಗೆ ತೋರಿಸಿದೆವು. ಆ ತಾಯಿಗೆ ನಾನು ಋಣಿ. ಅವರು ನಮ್ಮ ಕಡೆ ತಿರುಗಲೇ ಇಲ್ಲ, ಅಪ್ಪನನ್ನೇ ಕೇಳಿದರು: "ಅಜ್ಜಾರ, ಊರಾಗ ಮುಂಜಾನೆ ಎದ್ದ ಕೂಡ್ಲೆ ಮೊದಲ ಏನ್ ಮಾಡ್ತಿದ್ರಿ?"

ಅಪ್ಪ ತಲೆ ಎತ್ತಿದ. "ಚಂದ್ರಿಗೆ ಕಣಕಿ ಹಾಕತಿದ್ನಿರಿ."

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಹತ್ತಿಕಾಳು ಎಷ್ಟು ನೆನೆಹಾಕಬೇಕು, ಯಾವ ಕಿವಿಯ ಹಿಂದೆ ತುರಿಸಿದರೆ ಅದು ಕಣ್ಣು ಮುಚ್ಚುತ್ತದೆ, ಮಳೆ ಬರುವ ಮುಂಚೆ ಹೇಗೆ ನಿಲ್ಲುತ್ತದೆ. ತಿಂಗಳುಗಟ್ಟಲೆ ಮೌನವಾಗಿದ್ದ ಮನುಷ್ಯ ಹದಿನೈದು ನಿಮಿಷ ಮಾತಾಡಿದ. ಕೊನೆಗೆ, ನಮಗ್ಯಾರಿಗೂ ಗೊತ್ತಿರದ ಒಂದು ಸಂಗತಿ ಹೇಳಿದ.

"ಈಕಿ ಅವ್ವ ಹ್ವಾದ ಮ್ಯಾಲ ಮೂರು ದಿನಾ ಚಂದ್ರಿ ಹಾಲ ಇಳಿಬಿಡ್ಲಿಲ್ರಿ. ಯಾವತ್ತೂ ಆಕೀನ ಹಿಂಡಾಕಿ. ನಾ ಕುಂತ್ರ ಒದೀತಿತ್ತು. ನಾಲ್ಕನೇ ದಿನಾ ಆಕಿ ಇಳಕಲ್ಲ ಸೀರಿ ತಲಿಮ್ಯಾಲ ಹೊತಗೊಂಡು ಕುಂತ್ನಿ. ಮೂಸಿ ನೋಡ್ತು. ಹಾಲ ಬಿಡ್ತು. ಮನ್ಯಾಗ ಆಕಿನ್ನ ನೆನಸವ್ರು ನಾವ ಇಬ್ರ ಇದ್ವಿರಿ."

ನಾವು ಮಾರಿದ್ದು ಏನನ್ನು ಎಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ.

ಮನೆಗೆ ಬಂದ ಮೇಲೆ ಈ ವಿಷಯದ ಬೆನ್ನು ಹತ್ತಿ ಓದಿದೆ. ಹಸು, ಎಮ್ಮೆ ಹಾಲು ಇಳಿಬಿಡುವುದು ಮೆದುಳಿನಿಂದ ಬರುವ ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ. ಕರು ಮೊಲೆಗೆ ಬಾಯಿ ಹಾಕಿದಾಗ, ಗುರುತಿನ ಕೈ ಕೆಚ್ಚಲನ್ನು ಸವರಿದಾಗ ಅದು ರಕ್ತಕ್ಕೆ ಸೇರಿ ಹಾಲಿನ ಗ್ರಂಥಿಗಳನ್ನು ಒತ್ತುತ್ತದೆ. ಪ್ರಾಣಿ ಹೆದರಿದರೆ, ಗಾಬರಿಯಾದರೆ ಆ ಕೆಲಸ ನಿಲ್ಲುತ್ತದೆ. ಹಾಲು ಕೆಚ್ಚಲಿನಲ್ಲಿದ್ದರೂ ಹೊರಗೆ ಬರುವುದಿಲ್ಲ. ತಾಯಿ ಮಗುವಿಗೆ ಹಾಲೂಡಿಸುವಾಗ ಹರಿಯುವುದೂ ಇದೇ ಹಾರ್ಮೋನು. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ನಾಯಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಸಾಕಿದ ನಾಯಿ ಮತ್ತು ಒಡೆಯ ಹೆಚ್ಚು ಹೊತ್ತು ಒಬ್ಬರನ್ನೊಬ್ಬರು ದಿಟ್ಟಿಸಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರಿತ್ತು. ಅದು ನಾಯಿಯ ಮಾತು, ಎಮ್ಮೆಯದ್ದಲ್ಲ. ಆದರೆ ಸೀರೆಯ ವಾಸನೆಗೆ ಹಾಲು ಇಳಿದದ್ದನ್ನು ಕೇಳಿದ ಮೇಲೆ, ಆ ಹೊತ್ತು ಅಪ್ಪನ ಎದೆಯಲ್ಲೂ ಏನೋ ಇಳಿದು ಹಗುರಾಗಿರಬೇಕು ಎಂದೇ ನಾನು ನಂಬಿದ್ದೇನೆ.

ಪ್ರಾಣಿಯನ್ನು ಮನಸ್ಸಿನ ಚಿಕಿತ್ಸೆಗೆ ಜೊತೆಮಾಡಿಕೊಳ್ಳುವುದು ಹೊಸದೇನಲ್ಲ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ತೆರೆದ ಆಶ್ರಮದಲ್ಲಿ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುವ ಬದಲು ಅಂಗಳದಲ್ಲಿ ಮೊಲ, ಕೋಳಿ ಬಿಟ್ಟು ಅವರ ಜೊತೆ ಬೆರೆಯಲು ಬಿಡುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್, ತನ್ನೆದುರು ಬಾಯಿ ಬಿಡದ ಮಗು ತನ್ನ ನಾಯಿ ಜಿಂಗಲ್ಸ್ ಜೊತೆ ಬೆರೆತದ್ದನ್ನು ಕಂಡು ಆ ಬಗ್ಗೆ ಬರೆದರು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮಾತ್ರ 2008ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನ, ಯಾಕೆಂದರೆ ಅದು ದನದ ಕೊಟ್ಟಿಗೆಯಲ್ಲಿ ನಡೆದದ್ದು. 90 ಮಾನಸಿಕ ರೋಗಿಗಳಲ್ಲಿ 60 ಜನ 12 ವಾರ, ವಾರಕ್ಕೆ ಎರಡು ಸಲ, ಮೂರು ಮೂರು ತಾಸು ಹೊಲದ ಮನೆಗೆ ಹೋಗಿ ದನಗಳ ಜೊತೆ ಕೆಲಸ ಮಾಡಿದರು. ಅವರ ಎಂದಿನ ಔಷಧ ನಿಲ್ಲಿಸಿರಲಿಲ್ಲ. 12 ವಾರ ಮುಗಿದಾಗ ಹೋದವರಿಗೂ ಹೋಗದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆರು ತಿಂಗಳು ಕಳೆದು ಅಳೆದಾಗ, ಹೋದವರಲ್ಲಿ "ಇದು ನನ್ನಿಂದ ಆಗುತ್ತದೆ" ಎಂಬ ನಂಬಿಕೆ ಮೊದಲಿಗಿಂತ ಹೆಚ್ಚಿತ್ತು.

"ನನ್ನಿಂದ ಆಗುತ್ತದೆ." ಹುಬ್ಬಳ್ಳಿಯ ಮನೆಯಲ್ಲಿ ಅಪ್ಪನಿಗೆ ನಾವು ಎಲ್ಲ ಕೊಟ್ಟಿದ್ದೆವು, ಇದೊಂದನ್ನು ಬಿಟ್ಟು. ಚಹಾ ಕೈಗೆ, ಊಟ ಕೈಗೆ. ಅವನು ಏಳದಿದ್ದರೆ ಹಸಿದು ಕೂಗುವ ಜೀವ ಒಂದೂ ಇರಲಿಲ್ಲ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಹಾವೇರಿ ಜಿಲ್ಲೆಯಲ್ಲಿ ನನ್ನ ಸೋದರಮಾವನ ಮನೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಅವನ ಹೋರಿ ಹೋಯಿತು. ದೀಪಾವಳಿಗೆ ಕೊಬ್ಬರಿ ಹಾರ ಹಾಕಿಸಿಕೊಂಡು ಅಖಾಡದಲ್ಲಿ ಯಾರ ಕೈಗೂ ಸಿಗದೆ ಓಡುತ್ತಿದ್ದ ಹೋರಿ. ಮಾವ ಅದಕ್ಕೆ ಹಾಕಿದ ಮೇವನ್ನು ತನ್ನ ಮಕ್ಕಳ ಊಟಕ್ಕಿಂತ ಹೆಚ್ಚು ನಿಗಾ ಇಟ್ಟು ನೋಡುತ್ತಿದ್ದ. ಸರ್ಕಾರ ಆ ಸಲ ಸತ್ತ ಎತ್ತಿಗೆ 30 ಸಾವಿರ, ಹಸುವಿಗೆ 20 ಸಾವಿರ, ಕರುವಿಗೆ 5 ಸಾವಿರ ಪರಿಹಾರ ಘೋಷಿಸಿತು. ಅದು ಬೇಕಿತ್ತು, ಒಳ್ಳೆಯದೇ ಆಯಿತು. ಆದರೆ ಮಾವ ಎರಡು ವರ್ಷ ಹಬ್ಬದ ಅಖಾಡದ ಕಡೆ ಕಾಲಿಡಲಿಲ್ಲ. ರಾತ್ರಿ ಎದ್ದು ಖಾಲಿ ಗೋದಲಿಯ ಮುಂದೆ ಬ್ಯಾಟರಿ ಹಿಡಿದು ನಿಲ್ಲುತ್ತಿದ್ದ ಎಂದು ಅತ್ತೆ ಈಗ ಹೇಳುತ್ತಾಳೆ. ಮನುಷ್ಯ ಸತ್ತರೆ ಮಾತಾಡಿಸಲು ಊರೇ ಬರುತ್ತದೆ. ಹೋರಿ ಸತ್ತ ಮನೆಗೆ ಬಂದವರು ಎಷ್ಟಕ್ಕೆ ತಂದಿದ್ದಿರಿ ಎಂದು ಕೇಳಿ ಹೋದರು.

ಇದು ಬದಲಾಗಬೇಕು. ಬರ ಬಂದಾಗ, ರೋಗ ಬಂದಾಗ, ಸಾಲಕ್ಕೆ ದನ ಸಂತೆ ಸೇರಿದಾಗ ಆ ಮನೆಯ ಯಜಮಾನನನ್ನು ಯಾರಾದರೂ ಕೂತು ಮಾತಾಡಿಸಬೇಕು. ಪಶುವೈದ್ಯರು ದನದ ಜೊತೆ ಅವನ ಮುಖವನ್ನೂ ನೋಡಬೇಕು, ಆಶಾ ಕಾರ್ಯಕರ್ತೆ ಆ ಮನೆಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲಬೇಕು. ನಮ್ಮ ವೃದ್ಧಾಶ್ರಮಗಳಲ್ಲಿ ಇರುವವರು ಬಹುಪಾಲು ಹೊಲಮನೆ ಕಂಡವರೇ. ಅವರ ಅಂಗಳದಲ್ಲಿ ಎರಡು ಆಡು, ಒಂದು ಆಕಳು ಯಾಕಿರಬಾರದು? ನೆದರ್ಲೆಂಡ್ಸ್ ದೇಶದಲ್ಲಿ ಇಂಥ ಆರೈಕೆಯ ಹೊಲಮನೆಗಳು ಸಾವಿರಕ್ಕೂ ಹೆಚ್ಚಿವೆ. ಅವರು ಹೊಸದಾಗಿ ಕಟ್ಟಿಕೊಂಡದ್ದು ನಮ್ಮ ಹಿತ್ತಲಲ್ಲೇ ಇತ್ತು.

ಬೇಜಾರಾದವರಿಗೆ ಒಂದು ನಾಯಿಮರಿ ತಂದುಕೊಡಿ ಎನ್ನುವ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಓಣಿಯಲ್ಲೇ ಒಬ್ಬ ಅಜ್ಜಿಗೆಂದು ತಂದ ಲ್ಯಾಬ್ರಡಾರ್ ಈಗ ಇಡೀ ದಿನ ಮಾಳಿಗೆಯ ಮೇಲೆ ಸರಪಳಿಯಲ್ಲಿದೆ. ಎಳೆಯಲು ಅಜ್ಜಿಗೆ ಕಸುವಿಲ್ಲ, ಮಕ್ಕಳಿಗೆ ಪುರುಸೊತ್ತಿಲ್ಲ. ಅದರ ಸಂಕಟ ಕೇಳುವವರು ಯಾರು? ಸಾಕುವುದಾದರೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಕಚ್ಚಿದರೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಆ ಮನೋವೈದ್ಯರು ಅಪ್ಪನಿಗೆ ಗುಳಿಗೆ ಬರೆದರು, ಬಿಡಬಾರದೆಂದು ಕಟ್ಟುನಿಟ್ಟಾಗಿ ಹೇಳಿದರು. ಹೊರಡುವಾಗ ನನಗೆ ಅಂದರು: "ಇವರ ಕೈಗೆ ಒಂದು ಕೆಲಸ ಹುಡುಕ್ರಿ, ಉಸಿರಾಡೋ ಅಂಥಾದ್ದು."

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಗೌಳಿಗರ ಮನೆ ಇದೆ. ಏಳು ಎಮ್ಮೆ, ಎಲ್ಲ ನಮ್ಮ ಧಾರವಾಡಿ ತಳಿ. ಅರ್ಧಚಂದ್ರದಂತೆ ಹಿಂದಕ್ಕೆ ಬಾಗಿದ ಕೋಡು, ಪೇಡೆಗೆ ಹೆಸರಾದ ಹಾಲು. ಅಲ್ಲಿಯ ಅಕ್ಕನನ್ನು ಕೇಳಲು ನಾನು ನಾಚಿದೆ. ಆಕೆ ನಾಚಲಿಲ್ಲ. "ಕಳಸ್ರಿ ಅಕ್ಕಾರ, ಮೈ ತೊಳಿಯಾಕ ನನಗೂ ಒಂದು ಕೈ ಬೇಕಾಗೇತಿ."

ಈಗ ಆರು ತಿಂಗಳು. ಐದಕ್ಕೆ ಹೋಗುತ್ತಾನೆ, ಎಂಟಕ್ಕೆ ಬರುತ್ತಾನೆ. ಅಂಗಿಗೆ ಹೆಂಡಿ ವಾಸನೆ. ಮೊದಲ ವಾರ ಎಮ್ಮೆಗಳ ಹತ್ತಿರ ಹೋಗದೆ ಬರಿ ಕಸ ಬಳಿದು ಬಂದಿದ್ದನಂತೆ. ಎರಡನೇ ವಾರ ಒಂದರ ಕಿವಿಯ ಹಿಂದೆ ತುರಿಸಿದ. ರೊಟ್ಟಿ ಎರಡಕ್ಕೆ ಏರಿದೆ, ಗುಳಿಗೆಯಲ್ಲಿ ಒಂದನ್ನು ವೈದ್ಯರೇ ಕಡಿಮೆ ಮಾಡಿದ್ದಾರೆ. ಈಗಲೂ ಕೆಲವು ದಿನ ಬಾಗಿಲ ಬಳಿ ಸುಮ್ಮನೆ ಕೂರುತ್ತಾನೆ. ಅಂಥ ದಿನ ನಾನು ಪಕ್ಕದಲ್ಲಿ ಕೂತು ಚಂದ್ರಿಯ ಮಾತು ತೆಗೆಯುತ್ತೇನೆ. ಅದರ ಬೆನ್ನಿಗೆ ಅವ್ವನ ಮಾತು ತಾನಾಗಿ ಬರುತ್ತದೆ.

ಅಲ್ಲಿ ಒಂದು ಎಮ್ಮೆ ಗಬ್ಬ ಇದೆ, ಬರುವ ವಾರ ಈಯಬಹುದು. ಅಪ್ಪ ಈಗಲೇ ಸಜ್ಜಿ ನುಚ್ಚು, ಬೆಲ್ಲ ತರಿಸಿ ಡಬ್ಬಿಯಲ್ಲಿ ತುಂಬಿಟ್ಟಿದ್ದಾನೆ. ಈಯುವ ದನದಿಂದ ಬ್ರುಸೆಲ್ಲೋಸಿಸ್ ಎಂಬ ರೋಗ ಮನುಷ್ಯರಿಗೂ ಹತ್ತಬಹುದು, ಬರಿಗೈಯಲ್ಲಿ ಮುಟ್ಟಬೇಡ ಎಂದು ನಾನು ರಬ್ಬರ್ ಕೈಗವಸು ತಂದುಕೊಟ್ಟೆ. ಹಾಕಿಕೊಂಡು, ಬೆರಳು ಮಡಚಿ ಬಿಡಿಸಿ ನೋಡಿದ.

"ಹಾಕ್ಕೋತೀನಿ ಬಿಡ ಯವ್ವಾ. ಕರಾ ಎದ್ದು ನಿಂತಿಂದ ತಗೀತೀನಿ. ಅದಕ್ಕ ನನ್ನ ಕೈ ಗುರ್ತಾ ಸಿಗಬೇಕಲ್ಲ."