ದೊಡ್ಡಪ್ಪನ ಮಳೆ ಪುಸ್ತಕದಲ್ಲಿ 504

ಅರ್ಜಿ ತುಂಬಿಸಿಕೊಳ್ಳುವ ಜಾಲತಾಣಗಳಿಗೆ ಒಂದು ಚಟ. ತಪ್ಪಾಗಿದೆ ಅಂತ ಕೆಂಪಕ್ಷರದಲ್ಲಿ ಕೂಗುತ್ತವೆ, ಎಲ್ಲಿ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ನನಗೆ ‘ಇನ್‌ವ್ಯಾಲಿಡ್ ಇನ್‌ಪುಟ್’ ಅಂತ ಬಂತು. ಹೆಸರು, ಊರು, ಪಿನ್‌ಕೋಡು ಎಲ್ಲ ಮತ್ತೆ ಮತ್ತೆ ಹೊಡೆದೆ. ಕೊನೆಗೆ ನೋಡಿದರೆ ಅದಕ್ಕೆ ಆಗಿಬರದಿದ್ದದ್ದು ಇನಿಷಿಯಲ್ ಪಕ್ಕದ ಚುಕ್ಕಿ! ‘ಹೆಸರಲ್ಲಿ ಚುಕ್ಕಿ ಬೇಡ’ ಅಂತ ಬರೆಯಲು ಆ ಪುಣ್ಯಾತ್ಮರಿಗೆ ಏನು ಖರ್ಚಾಗುತ್ತಿತ್ತೋ.

ನನ್ನದು ಹಾಳಾಗಲಿ, ಮೂಡಿಗೆರೆ ಹತ್ತಿರ ತೋಟದಲ್ಲಿರುವ ದೊಡ್ಡಪ್ಪನ ಪಾಡು ಕೇಳಿ. ಕಾಫಿ ಬೆಳೆಗಾರರ ಮನೆಯಲ್ಲಿ ಇಂಚು, ಸೆಂಟು ಅಂತ ಮಳೆ ಲೆಕ್ಕ ಬರೆಯುವ ಪುಸ್ತಕ ಇರುತ್ತದಲ್ಲ, ಅವರು ಮೊಬೈಲಿನ ಎರರ್‌ಗಳನ್ನೂ ಅದರಲ್ಲೇ ಬರೆದಿಡುತ್ತಾರೆ. ‘ಮಳೆ 2 ಇಂಚು 10 ಸೆಂಟು. ಕರೆಂಟ್ ಬಿಲ್: 504.’ ಆಮೇಲೆ ಚಿಕ್ಕಮಗಳೂರಿಗೆ, ಅಂದರೆ ನನಗೆ, ಫೋನು. “ನಾನೇನೂ ಮುಟ್ಟಿಲ್ಲ ಮಾರಾಯ, ಅದಾಗೇ ಬಂತು” ಎಂಬ ಪೀಠಿಕೆಯೊಂದಿಗೆ ಅಕ್ಷರಕ್ಷರ ಓದುತ್ತಾರೆ. ಈಗೀಗ ಅವರದ್ದೇ ಒಂದು ಸಿದ್ಧಾಂತವೂ ತಯಾರಾಗಿದೆ. “ಎರಡಿಂಚು ದಾಟಿದ್ರೆ 504 ಗ್ಯಾರಂಟಿ ಕಣೋ. ಪುಷ್ಯ ಮಳೇಲಿ ಜಾಸ್ತಿ. ಮಖೆ ಹೊತ್ತಿಗೆ ಇಳೀಬಹುದು.” ಪಕ್ಕದ ತೋಟದವರು ಈಗ ಅವರನ್ನು ಕೇಳಿಕೊಂಡೇ ಬಿಲ್ ಕಟ್ಟುತ್ತಾರಂತೆ.

504 ಅಂದರೆ ಇಷ್ಟೇ: ನಡುವಿನ ಒಂದು ಕಂಪ್ಯೂಟರು ಹಿಂದಿನ ಕಂಪ್ಯೂಟರಿನ ಉತ್ತರಕ್ಕೆ ಕಾದೂ ಕಾದೂ ಕೈಚೆಲ್ಲಿದೆ. 4ರಿಂದ ಶುರುವಾಗುವ ನಂಬರಿದ್ದರೆ ತಪ್ಪು ಕೇಳಿದವರ ಕಡೆಯದು, 5ರಿಂದ ಶುರುವಾದರೆ ಉತ್ತರ ಕೊಡಬೇಕಾದವರ ಕಡೆಯದು. ಇದು ಸಾಫ್ಟ್‌ವೇರ್ ಬರೆಯುವವರಿಗೆಲ್ಲ ಗೊತ್ತು. ಆದರೂ ತೋಟದ ಜಗುಲಿಯಲ್ಲಿ ಕೂತು ‘ನಾನು ಮುಟ್ಟಿಲ್ಲ’ ಅಂತ ಆಣೆ ಹಾಕಬೇಕಾದವರು ಎಪ್ಪತ್ತು ದಾಟಿದ ದೊಡ್ಡಪ್ಪ. ದುಡ್ಡು ಹೋಯಿತೋ ಉಳಿಯಿತೋ ಅನ್ನುವುದೊಂದೇ ಅವರಿಗೆ ಬೇಕಾದ ಸುದ್ದಿ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಪರದೆ ಮೇಲೆ ಇರುತ್ತದೆ.

ಹಿಂದೆ ಬ್ಯಾಂಕಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಗೌಡ್ರೇ, ಹಿಂದ್ಗಡೆ ಸಹಿ ಬಿಟ್ಟಿದೀರಿ, ಇಲ್ಲಿ ಹಾಕಿ” ಅಂತ ಪೆನ್ನನ್ನೂ ಕೊಡುತ್ತಿದ್ದರು. ಏನು ತಪ್ಪು, ಎಲ್ಲಿ, ಮುಂದೇನು, ಎಲ್ಲ ಒಂದೇ ಉಸಿರಿನಲ್ಲಿ ಮುಗಿಯುತ್ತಿತ್ತು. ಪೆನ್ನಿಗೆ ದಾರ ಕಟ್ಟಿರುತ್ತಿತ್ತು, ಅದು ಬೇರೆ ಮಾತು.

ಹಾಗಂತ ಕಂಪ್ಯೂಟರ್ ಮಂದಿಗೆ ಬಿಡಿಸಿ ಹೇಳಲು ಬರುವುದೇ ಇಲ್ಲ ಅನ್ನುವಂತಿಲ್ಲ. 1998ರ ಏಪ್ರಿಲ್ 1ರಂದು ಇಂಟರ್‌ನೆಟ್ ಮೂಲಕ ಕಾಫಿ ಮಾಡಿಸುವ ನಿಯಮಾವಳಿಯೊಂದನ್ನು ತಮಾಷೆಗೆಂದು ಪ್ರಕಟಿಸಿದ್ದರು. ಅದರಲ್ಲಿ 418 ಅಂತೊಂದು ಎರರ್ ಇದೆ. ಟೀ ಪಾತ್ರೆಗೆ ಕಾಫಿ ಮಾಡು ಅಂದರೆ ಅದು ಕೊಡಬೇಕಾದ ಉತ್ತರ: ‘ನಾನು ಟೀ ಪಾತ್ರೆ.’ ನಿಜವಾದ ಎರರ್‌ಗಳನ್ನೆಲ್ಲ ಒಗಟಾಗಿಸಿ, ತಮಾಷೆಯದ್ದನ್ನು ಮಾತ್ರ ಮಕ್ಕಳಿಗೂ ತಿಳಿಯುವಂತೆ ಬರೆದಿದ್ದಾರೆ.

ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಸ್ವಲ್ಪವೂ ನಗಲಿಲ್ಲ.

“ಸರಿಯಾಗೇ ಹೇಳಿದೆಯಲ್ಲೋ ಅದು. ಅದನ್ನ ಬರೆದೋನಿಗೇ ಈ ಕರೆಂಟ್ ಬಿಲ್ಲಿನ ಕೆಲಸಾನೂ ಕೊಡೋಕೆ ಹೇಳು.”